ರನ್ನಿಂಗ್ ಬ್ಯಾಕ್‌ಗಳ ಬೆಲೆ ನಿಜವಾಗಿ ಏರಿದೆಯಾ?

ಪ್ರಶ್ನೆ:
ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ನನಗೆ ಎಲ್ಲರಿಗಿಂತ ಇಷ್ಟ ಚೆಂಡು ಹಿಡಿದು ಓಡುವವರು, ಅಂದರೆ ರನ್ನಿಂಗ್ ಬ್ಯಾಕ್‌ಗಳು. 2023ರಲ್ಲಿ ಸಾಕ್ವಾನ್ ಬಾರ್ಕ್ಲಿ, ಜಾಶ್ ಜೇಕಬ್ಸ್ ಇಬ್ಬರಿಗೂ ಅವರವರ ತಂಡಗಳು ಹಲವು ವರ್ಷಗಳ ಒಪ್ಪಂದ ಕೊಡಲಿಲ್ಲ. ಫ್ರಾಂಚೈಸ್ ಟ್ಯಾಗ್ (ಒಪ್ಪಂದ ಮುಗಿದ ಆಟಗಾರನನ್ನು ಒಂದು ವರ್ಷದ ನಿಗದಿತ ಸಂಬಳಕ್ಕೆ ಉಳಿಸಿಕೊಳ್ಳುವ ತಂಡದ ಹಕ್ಕು) ಹಾಕಿ ಇನ್ನೊಂದು ವರ್ಷ ಹಿಡಿದಿಟ್ಟುಕೊಂಡವು. ರನ್ನಿಂಗ್ ಬ್ಯಾಕ್ ಕಾಲ ಮುಗಿಯಿತು ಎಂದು ಆಗ ಎಷ್ಟು ಜನ ಹೇಳಿದರು! 2025ರ ಮಾರ್ಚ್‌ನಲ್ಲಿ ಅದೇ ಬಾರ್ಕ್ಲಿಗೆ ಅವನ ಹೊಸ ತಂಡ ಈಗಲ್ಸ್ ವರ್ಷಕ್ಕೆ 2 ಕೋಟಿ ಡಾಲರ್‌ಗಿಂತ ಜಾಸ್ತಿ ಕೊಟ್ಟಿತು. ಇಷ್ಟರಲ್ಲಿ ಏನು ಬದಲಾಯಿತು?

ಮೊದಲ ಉತ್ತರ:
ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ರೀತಿ ಬದಲಾಯಿತು. ಉದ್ದ ಪಾಸ್‌ಗಳಿಗೆ ಹೆದರಿ ತಂಡಗಳು ಸೇಫ್ಟಿ ಎಂಬ ಇಬ್ಬರು ಹಿಂಬದಿ ಕಾವಲುಗಾರರನ್ನು ತುಂಬಾ ಹಿಂದೆ ನಿಲ್ಲಿಸುತ್ತಿವೆ. ಓಟ ತಡೆಯುವ ದಪ್ಪ ಮೈಯ ಒಬ್ಬ ಲೈನ್‌ಬ್ಯಾಕರ್ ತೆಗೆದು ಪಾಸ್ ತಡೆಯುವ ಹಗುರ ಮೈಯ ಕಾರ್ನರ್‌ಬ್ಯಾಕ್ ಹಾಕುತ್ತಿವೆ. ಮುಂದೆ ತಡೆಯುವವರು ಕಡಿಮೆ, ಓಡಲು ಜಾಗ ಜಾಸ್ತಿ. 2024ರ ಸೀಸನ್‌ನಲ್ಲಿ ರನ್ನಿಂಗ್ ಬ್ಯಾಕ್ ಡೆರಿಕ್ ಹೆನ್ರಿ 30ನೇ ವಯಸ್ಸಿನಲ್ಲಿ 1,921 ಗಜ ಓಡಿದ, ನೋಡಿ.

ಎರಡನೇ ಉತ್ತರ:
ಅದು ನಿಜ, ಆದರೆ ಅಷ್ಟರಿಂದಲೇ ಸಂಬಳ ಏರುವುದಿಲ್ಲ. ಬಾರ್ಕ್ಲಿ ಹಿಂದಿನ ತಂಡ ಜೈಂಟ್ಸ್‌ನಲ್ಲಿ 2023ರಲ್ಲಿ ಒಂದು ಓಟಕ್ಕೆ ಸರಾಸರಿ 3.9 ಗಜ ಗಳಿಸಿದ್ದ. ಮರುವರ್ಷ ಈಗಲ್ಸ್‌ನಲ್ಲಿ 5.8, ಒಟ್ಟು 2,005 ಗಜ. ಆಟಗಾರ ಅವನೇ. ಮುಂದೆ ಲೈನ್‌ನಲ್ಲಿ ನಿಂತು ದಾರಿ ಬಿಡಿಸಿದವರು ಮಾತ್ರ ಬೇರೆ: ಜಾರ್ಡನ್ ಮೈಲಾಟಾ, ಲೇನ್ ಜಾನ್ಸನ್ ಅವರಂಥ ದೈತ್ಯರು. ಹಾಗಾಗಿ "ಲೈನ್‌ಗೆ ದುಡ್ಡು ಹಾಕೋಣ, ಓಡಲು ಯಾರಾದರೂ ಸಿಗುತ್ತಾರೆ" ಎನ್ನುವ ಮ್ಯಾನೇಜರ್‌ಗಳ ವಾದ ಇನ್ನೂ ಸತ್ತಿಲ್ಲ. ರನ್ನಿಂಗ್ ಬ್ಯಾಕ್ ಐಸಾಯಾ ಪಚೆಕೊ ಚೀಫ್ಸ್ ತಂಡಕ್ಕೆ ಡ್ರಾಫ್ಟ್‌ನ (ಹೊಸಬರನ್ನು ತಂಡಗಳು ಸರದಿಯಂತೆ ಆರಿಸುವ ಪ್ರಕ್ರಿಯೆ) ಕೊನೆಯ, ಏಳನೇ ಸುತ್ತಿನಲ್ಲಿ ಸಿಕ್ಕವನು. ಮೊದಲ ವರ್ಷವೇ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ.

ನನಗೆ ಸಂಕಟ ಆಗುವುದು ಬೇರೆ ಕಡೆ. ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಹೊಸಬನ ಮೊದಲ ಒಪ್ಪಂದ ನಾಲ್ಕು ವರ್ಷ. ಮೊದಲ ಸುತ್ತಿನಲ್ಲಿ ಆಯ್ಕೆಯಾದರೆ ಐದನೇ ವರ್ಷವೂ ತಂಡದ ಇಚ್ಛೆ. ಆಮೇಲೆ ಟ್ಯಾಗ್. ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಇಷ್ಟು ಕಾದರೂ ನಷ್ಟವಿಲ್ಲ. ರನ್ನಿಂಗ್ ಬ್ಯಾಕ್‌ನ ಮೊಣಕಾಲು ಕಾಯಬೇಕಲ್ವಾ? ಪ್ರತಿ ಓಟಕ್ಕೂ ಡಿಕ್ಕಿ ತಿನ್ನುವ ಮೈ ಅದು. ಅವನ ಒಳ್ಳೆಯ ವರ್ಷಗಳೆಲ್ಲ ಕಡಿಮೆ ಸಂಬಳದಲ್ಲೇ ಕಳೆದುಹೋಗುತ್ತವೆ. ರ‍್ಯಾಮ್ಸ್ ತಂಡದ ರನ್ನಿಂಗ್ ಬ್ಯಾಕ್ ಟಾಡ್ ಗರ್ಲಿ 2018ರಲ್ಲಿ ದಾಖಲೆಯ ಒಪ್ಪಂದ ಪಡೆದ. 2020ರಲ್ಲಿ ರ‍್ಯಾಮ್ಸ್ ಅವನನ್ನು ಕೈಬಿಟ್ಟಾಗ ವಯಸ್ಸು 25 ಅಷ್ಟೇ. ಅದಾದ ಮೇಲೆ ಯಾವ ತಂಡ ಧೈರ್ಯವಾಗಿ ದುಡ್ಡು ಕೊಡುತ್ತದೆ? ಎರಡನೇ ಸಲವೂ ಟ್ಯಾಗ್ ಹಾಕಿದರು ಎಂದು ಲೆವಿಯಾನ್ ಬೆಲ್ 2018ರ ಸೀಸನ್ ಪೂರ್ತಿ ಆಡಲಿಲ್ಲ. ಅವನನ್ನು ದುರಾಸೆಯವನು ಎಂದವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಪ್ರಶ್ನೆ ಕೇಳಿದವರು:
ಹಾಗಾದರೆ 2025ರ ಡ್ರಾಫ್ಟ್‌ನಲ್ಲಿ ರೇಡರ್ಸ್ ಆಶ್ಟನ್ ಜೆಂಟಿಯನ್ನು 6ನೆಯವನಾಗಿ ಆರಿಸಿತಲ್ಲ? ಹಿಂದಿನ ವರ್ಷ ಮೊದಲ ಸುತ್ತಿನಲ್ಲಿ ಒಬ್ಬ ರನ್ನಿಂಗ್ ಬ್ಯಾಕ್ ಕೂಡ ಇರಲಿಲ್ಲ.

ಎರಡನೇ ಉತ್ತರ ಬರೆದವರು:
ಅವನಿಗೆ ಒಳ್ಳೆಯದೇ ಆಯಿತು. ಡ್ರಾಫ್ಟ್‌ನಲ್ಲಿ ಸಂಬಳ ಆಯ್ಕೆಯ ಕ್ರಮಾಂಕಕ್ಕೆ ತಕ್ಕಂತೆ ನಿಗದಿಯಾಗುತ್ತದೆ, ಯಾವ ಜಾಗದಲ್ಲಿ ಆಡುತ್ತಾನೆ ಅನ್ನುವುದು ಲೆಕ್ಕಕ್ಕಿಲ್ಲ. ಅದಕ್ಕೇ ರನ್ನಿಂಗ್ ಬ್ಯಾಕ್‌ಗೆ ಬೇಗ ಆಯ್ಕೆಯಾಗುವುದು ಅಷ್ಟು ಮುಖ್ಯ. ಮೂರನೇ ಸುತ್ತಿನಲ್ಲಿ ಬಂದು ಅಷ್ಟೇ ಓಡುವ ಹುಡುಗನ ಗತಿ ಏನು? ಈಗಿನ ನಿಯಮದಂತೆ ಮೂರು ಸೀಸನ್ ಮುಗಿಯುವ ತನಕ ಅವನು ಹೊಸ ಒಪ್ಪಂದದ ಮಾತೇ ಎತ್ತುವಂತಿಲ್ಲ. ಅದನ್ನು ಎರಡಕ್ಕೆ ಇಳಿಸಬೇಕು. ಆಟಗಾರರ ಸಂಘ ಮತ್ತು ಲೀಗ್ ನಡುವಿನ ಒಪ್ಪಂದ 2030ರ ಸೀಸನ್‌ವರೆಗೆ ಇದೆ. ಮುಂದಿನ ಮಾತುಕತೆಯಲ್ಲಿ ಸಂಘ ಮೊದಲು ಇದನ್ನೇ ಕೇಳಲಿ.