ಮರ ಕಡಿದ ಕಡೆಯೇ ಲೆಮೂರ್ ಜಾಸ್ತಿ ಕಂಡವು, ಯಾಕೆ?

ಶಿರಸಿಯ ತೋಟಿಗ
ಕಳೆದ ಅಕ್ಟೋಬರ್‌ನಲ್ಲಿ ಮಡಗಾಸ್ಕರ್‌ನ ರಾನೊಮಫಾನಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ತಲಾತಕೆಲಿ ಅನ್ನೋ ಭಾಗದಲ್ಲಿ ಅರ್ಧ ದಿನದೊಳಗೆ ನಾಲ್ಕು ಬಗೆಯ ಲೆಮೂರ್ (ಮರದ ಮೇಲೆ ಬದುಕೋ, ಕೋತಿಯ ದೂರದ ನೆಂಟ) ಸಿಕ್ಕವು. 1991ರಲ್ಲಿ ಉದ್ಯಾನ ಆಗುವ ಮೊದಲು ಅಲ್ಲಿ ದೊಡ್ಡ ಮರಗಳನ್ನು ಆರಿಸಿ ಕಡಿದಿದ್ದರು ಅಂತ ಗೈಡ್ ಹೇಳಿದರು. ಮರುದಿನ ಕೊಡಲಿ ಬೀಳದ ಕಾಡಿಗೆ ಮೂರು ತಾಸು ನಡೆದೆ. ಸಿಕ್ಕಿದ್ದು ಉಂಬಳ ಮಾತ್ರ. ಹಾಗಾದರೆ ಆರಿಸಿ ಕಡಿದರೆ ಲೆಮೂರ್‌ಗಳಿಗೆ ಏನೂ ತೊಂದರೆ ಇಲ್ವಾ?

ಪಟ್ಟೆಬಾಲ
ಬಿಸಿಲು ಬಿದ್ದ ಕಡೆ ಬಿದಿರು ಏಳುತ್ತದೆ. ಬಿದಿರು ತಿನ್ನೋ ಲೆಮೂರ್‌ಗಳಿಗೆ ಹಬ್ಬ, ಅಷ್ಟೇ.

ಕಾಡುಹಾದಿ
ಪಟ್ಟೆಬಾಲ ಹೇಳಿದ್ದು ಅರ್ಧ ಸರಿ. ನಾನು ಅಲ್ಲೇ ಎಂಟು ತಿಂಗಳು ಸಂಶೋಧಕರ ಜೊತೆ ಸಹಾಯಕಿಯಾಗಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಗುಂಪಿನ ಹಿಂದೆ ಓಡಾಡೋದು, ಏನು ತಿಂತು, ಎಷ್ಟು ಎತ್ತರದಲ್ಲಿ ಕೂತಿತು ಅಂತ ಐದು ನಿಮಿಷಕ್ಕೊಮ್ಮೆ ಬರೆಯೋದು.

ನಿಮಗೆ ಕಂಡದ್ದು ಸುಳ್ಳಲ್ಲ ಸರ್. ಆದರೆ ತಲಾತಕೆಲಿಯಲ್ಲಿ ಮರ ಗಿಡ್ಡ, ಕಾಲುದಾರಿ ಜಾಸ್ತಿ. ದಿನಾ ಜನರನ್ನು ನೋಡಿ ನೋಡಿ ಪ್ರಾಣಿಗಳಿಗೆ ಹೆದರಿಕೆ ಹೋಗಿದೆ. ಒಳಕಾಡಲ್ಲಿ ಅವು ಮೇಲಿಂದ ನಿಮ್ಮನ್ನೇ ನೋಡುತ್ತಾ ಸುಮ್ನೆ ಕೂತಿದ್ದವೇನೋ!

ಅಲ್ಲಿ ಚೀನೀ ಪೇರಲೆ ಅಂತ ಒಂದು ಗಿಡ ಇದೆ. ಊರು ದಕ್ಷಿಣ ಅಮೆರಿಕ, ಮರ ಕಡಿದ ಜಾಗದಲ್ಲಿ ಬಂದು ತಳವೂರಿದೆ. ಹಣ್ಣಿನ ಕಾಲದಲ್ಲಿ ಕೆಂಪುಹೊಟ್ಟೆ ಲೆಮೂರ್‌ಗಳು ಅದಕ್ಕೆ ಮುಗಿಬೀಳುತ್ತವೆ. ಒಂದು ಬೆಳಿಗ್ಗೆ ಬೆರಳು ದಪ್ಪದ ಕೊಂಬೆಗೆ ಒಂದು ಹೆಣ್ಣು ಬಂತು. (ಹೊಟ್ಟೆ ಬಿಳಿ ಇದ್ದರೆ ಹೆಣ್ಣು. ಹೆಸರಲ್ಲಿರೋ ಕೆಂಪು ಗಂಡಿನದು.) ಕೊಂಬೆ ಬಾಗಿ ನನ್ನ ಸೊಂಟದ ಮಟ್ಟಕ್ಕೆ ಇಳಿಯಿತು. ಅದು ಹಿಂಗಾಲಲ್ಲಿ ಜೋತುಬಿದ್ದು ಹಣ್ಣು ಚೀಪುತ್ತಾ ನನ್ನನ್ನೇ ನೋಡಿತು. ಫೋಟೋಗೇನೋ ಚೆಂದ. ನನಗೆ ಫೋಸಾ ನೆನಪಾಯಿತು. ಲೆಮೂರ್ ಹಿಡಿದು ತಿನ್ನೋ ಪ್ರಾಣಿ, ಲೆಮೂರ್ ಅಷ್ಟು ಕೆಳಗೆ ಬಂದರೆ ಅದಕ್ಕೆ ಹಿಡಿಯೋ ಕಷ್ಟವೇ ಇಲ್ಲ.

ಕಂಡವನ್ನು ಎಣಿಸಿದಿರಿ, ಕಾಣದವನ್ನೂ ಎಣಿಸಬೇಕಲ್ವಾ? ಕಪ್ಪು-ಬಿಳಿ ರಫ್ಡ್ ಲೆಮೂರ್ ಕೂಗು ತಲಾತಕೆಲಿಯಲ್ಲಿ ನನಗೆ ಒಮ್ಮೆಯೂ ಕೇಳಲಿಲ್ಲ. ಒಳಗಡೆ, ಕೊಡಲಿ ಬೀಳದ ವಲೊಹೊಆಕಾದಲ್ಲಿ ಒಂದು ಶುರು ಮಾಡಿದರೆ ಇಡೀ ಗುಡ್ಡವೇ ಅರಚಿದ ಹಾಗೆ. ಅದರ ಹೊಟ್ಟೆಪಾಡು ದೊಡ್ಡ ಮರಗಳ ಹಣ್ಣಿನ ಮೇಲೆ. ಮರಿಗಳನ್ನು ಮೈಗೆ ಅಂಟಿಸಿಕೊಂಡು ತಿರುಗೋ ಜಾತಿಯೂ ಅಲ್ಲ. ಎರಡು ಮೂರು ಒಟ್ಟಿಗೆ ಹೆತ್ತು, ಮರದ ಮೇಲೆ ಗೂಡಲ್ಲಿಟ್ಟು ಮೇಯಲು ಹೋಗುತ್ತದೆ. ದೊಡ್ಡ ಮರ ಹೋದರೆ ಊಟವೂ ಹೋಯಿತು, ತೊಟ್ಟಿಲೂ ಹೋಯಿತು. ದಪ್ಪ ಬೀಜ ನುಂಗಿ ದೂರ ಹಾಕಿಬರೋದು ಇದೇ ಪ್ರಾಣಿ. ಅದಿಲ್ಲದ ಕಡೆ ಆ ಮರಗಳ ಸಸಿ ಎಲ್ಲಿಂದ ಬರಬೇಕು?

ಶಿರಸಿಯ ತೋಟಿಗ
ಇದು ಹೊಳೆದೇ ಇರಲಿಲ್ಲ ಮಾರಾಯ್ರೆ. ಆದ್ರೂ ಒಂದು ಮಾತು. ನಮ್ಮ ಸೊಪ್ಪಿನ ಬೆಟ್ಟದಲ್ಲಿ ಒಂದು ಮರ ಹೋದರೆ ಅಕ್ಕಪಕ್ಕದವು ಉಳಿಯುತ್ತವೆ. ಅಲ್ಲೂ ಹಾಗೇ ಅಲ್ವಾ?

ಕಾಡುಹಾದಿ
ಮರಗಳನ್ನು ಬಳ್ಳಿ ಹೆಣೆದಿರುತ್ತದೆ ಸರ್, ಒಂದು ಬೀಳುವಾಗ ಪಕ್ಕದವನ್ನೂ ಎಳೆದುಕೊಂಡೇ ಬೀಳುತ್ತದೆ. ಉತ್ತರದ ಮಸೊವಾಲಾ, ಮರೊಜೆಜಿ ಕಾಡುಗಳ ಕಥೆ ಇನ್ನೂ ಕೆಟ್ಟದ್ದು. 2009ರಲ್ಲಿ ಸರ್ಕಾರ ಉರುಳಿದ ಮೇಲೆ ಅಲ್ಲಿಗೆ ರೋಸ್‌ವುಡ್ (ನಮ್ಮ ಬೀಟೆಯ ಜಾತಿಯ ಮರ) ಕಳ್ಳರು ನುಗ್ಗಿದರು. ರೋಸ್‌ವುಡ್ ನೀರಲ್ಲಿ ಮುಳುಗುತ್ತದೆ. ಹೊಳೆಯಲ್ಲಿ ಸಾಗಿಸಬೇಕು ಅಂದರೆ ಪ್ರತಿ ದಿಮ್ಮಿಗೂ ನಾಲ್ಕೈದು ಹಗುರ ಮರ ಕಡಿದು ತೆಪ್ಪ ಕಟ್ಟಬೇಕು. ಕಡಿಯೋರು ವಾರಗಟ್ಟಲೆ ಕಾಡಲ್ಲೇ ಇರುತ್ತಾರೆ, ಸಾರಿಗೆ ಲೆಮೂರ್ ಹಿಡಿಯುತ್ತಾರೆ. ಕಡಿದ ಬುಡ ಎಣಿಸಿದರೆ ಈ ಲೆಕ್ಕ ಸಿಗೋದಿಲ್ಲ.

ಬದುವಿನ ಹುಣಸೆ
ನಾನು ತುಮಕೂರು ಕಡೆಯವನು. ನಮ್ಮ ಕಾಡುಪಾಪ ಲೆಮೂರ್‌ಗೆ ದೂರದ ನೆಂಟ. ಮೊದಲು ಹೊಲದ ಬದುವಿನ ಮರಗಳ ಮೇಲೇ ಕೊಂಬೆ ಹಿಡಿದು ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು. ದಾರಿ ಅಗಲ ಮಾಡಲು ಮಧ್ಯದ ಎರಡು ಹುಣಸೆ ಕಡಿದರು, ಎರಡೇ. ಹೋದ ತಿಂಗಳು ರಾತ್ರಿ ಟಾರ್ಚ್ ಬಿಟ್ಟರೆ ಕೆಂಡದಂಥ ಎರಡು ಕಣ್ಣು ನೆಲದ ಮಟ್ಟದಲ್ಲಿ. ಡಾಂಬರಿನ ಮೇಲೆ ಒಂದೊಂದೇ ಕೈ ಇಡುತ್ತಾ ದಾಟುತ್ತಿತ್ತು. ಬೈಕ್ ಆಫ್ ಮಾಡಿ ಅದು ಆಚೆ ಬೇಲಿ ಹತ್ತೋವರೆಗೂ ನಿಂತಿದ್ದೆ.