ಹರಕೆ ಹಾಗಿರಲಿ, ಮೊದಲು ಗಂಜಿ ಕುಡಿ

ಎಲ್ಲರಿಗೂ ಸ್ತೋತ್ರ. ಪುಟ್ಟಿ, ಮನೆಯವರ ಗುಂಪಿನಲ್ಲಿ ನಿನ್ನ ಮೆಸೇಜು ಈಗ ನೋಡಿದೆ. ರಾತ್ರಿ ಹನ್ನೊಂದೂವರೆಗೆ ಹಾಕಿದ್ದೀಯ, ಅಷ್ಟು ಹೊತ್ತಿಗೆ ನಾನು ಎರಡು ನಿದ್ದೆ ಮುಗಿಸಿರುತ್ತೇನೆ. ಮೊಮ್ಮಗ ಮೈಕು ಒತ್ತಿಕೊಟ್ಟು ಸ್ಕೂಲಿಗೆ ಹೋದ. ನಿಲ್ಲಿಸುವುದು ಹೇಗೆ ಅಂತ ಹೇಳಿಕೊಡಲಿಲ್ಲ. ಉದ್ದ ಆದರೆ ಸಹಿಸಿಕೊಳ್ಳಿ, ಯಾರೂ ಅರ್ಧಕ್ಕೆ ಬಿಟ್ಟು ಹೋಗಬೇಡಿ.

ನೀನು ಕೇಳಿದ್ದು ಇಷ್ಟು. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ದಿನಕ್ಕೆ ಒಂದೇ ಹೊತ್ತು ಊಟ ಅಂತ ಹರಕೆ ಹೊತ್ತಿದ್ದೀಯ, ಅಳಿಯಂದಿರಿಗೆ ಮತ್ತೆ ಕೆಲಸ ಸಿಗಲಿ ಅಂತ. ಐದು ದಿನ ಆಯಿತು. ಹನ್ನೊಂದು ಗಂಟೆ ಹೊತ್ತಿಗೆ ಕೈ ನಡುಗುತ್ತೆ, ಬೆವರು ಬರುತ್ತೆ. ಶುಗರ್ ಮಾತ್ರೆ ಮಾತ್ರ ತಪ್ಪಿಸಿಲ್ಲ. ಹರಕೆ ಮುರಿದರೆ ಪಾಪ ಅಲ್ವಾ ದೊಡ್ಡಮ್ಮ, ಅಂತ. ಅದರ ಕೆಳಗೆ ಹದಿನಾಲ್ಕು ಜನ ಕೈಮುಗಿದ ಚಿತ್ರ ಹಾಕಿದ್ದೀರಿ. ಇನ್ನು ಮೂವರು, ಸಂತರ ಫೋಟೋ ಹಾಕಿ ಹತ್ತು ಗುಂಪಿಗೆ ಕಳಿಸು ಅಂದಿದ್ದೀರಿ. ಏನಾದರೂ ತಿಂದೆಯಾ ಅಂತ ಒಬ್ಬರೂ ಕೇಳಿಲ್ಲ.

ಪುಟ್ಟಿ, ಶುಗರ್ ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಡಬೇಡ. ಬಿಡಬೇಡ ಅಂದರೆ ಬಿಡಬೇಡ. ಮಾಡಿ ಬಿದ್ದವಳು ಹೇಳುತ್ತಿದ್ದೇನೆ.

1998. ಕಾರ್ಖಾನೆ ಬಾಗಿಲು ಹಾಕಿ ನಿಮ್ಮ ದೊಡ್ಡಪ್ಪ ಮನೆಯಲ್ಲಿ ಕೂತ ವರ್ಷ. ನಿನಗೆ ನೆನಪಿರಲ್ಲ, ನೀನಿನ್ನೂ ಲಂಗ ಕಚ್ಚಿಕೊಂಡು ಓಡಾಡುತ್ತಿದ್ದೆ. ಆಗಲೇ ನನಗೆ ಶುಗರ್ ಬಂದು ಎರಡು ವರ್ಷ. ಅವರು ಬೆಳಗ್ಗೆ ಇಸ್ತ್ರಿ ಶರ್ಟು ಹಾಕಿಕೊಂಡು ಸೈಕಲ್ ಹತ್ತಿ ಹೋಗುವುದು, ಸಾಯಂಕಾಲ ಹಾಗೇ ವಾಪಸು ಬರುವುದು. ಒಂದು ಮಂಗಳವಾರ ನಾನು ಬಸ್ಸಿನಲ್ಲಿ ದೋರನಹಳ್ಳಿಯ ಸಂತ ಅಂತೋಣಿಯವರ ಚರ್ಚಿಗೆ ಹೋದೆ. ಅವರು ಕಳೆದುಹೋದದ್ದು ಹುಡುಕಿಕೊಡುವ ಸಂತರು ಅಂತಾರಲ್ಲ. ಕೆಲಸವೂ ಕಳೆದುಹೋದದ್ದೇ ಅಲ್ವಾ ಅಂತ ನನ್ನ ಲೆಕ್ಕ. ಅಲ್ಲಿ ಮೇಣದಬತ್ತಿ ಹಚ್ಚಿ ಹರಕೆ ಹೊತ್ತೆ. ಬೂದಿ ಬುಧವಾರದಿಂದ ಈಸ್ಟರ್ ತನಕದ ತಪಸ್ಸುಕಾಲ ಪೂರ್ತಿ, ರಾತ್ರಿ ಮಣಿ ಎಣಿಸಿ ಜಪಸರ ಹೇಳಿದ ಮೇಲೆ ಒಂದೇ ಹೊತ್ತು ಊಟ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಫಲ ಹೋಗುತ್ತೆ ಅಂತ ಯಾರೋ ಅಂದಿದ್ದರು.

ಮಾತ್ರೆ ಮಾತ್ರ ಬೆಳಗ್ಗೆ ತಪ್ಪದೆ ನುಂಗುತ್ತಿದ್ದೆ. ಔಷಧಿ ತಗೊಂಡರೆ ಉಪವಾಸ ಮುರಿಯಲ್ಲ ಅಂತ ಗೊತ್ತಿತ್ತು. ಅದು ನಿಜವೂ ಹೌದು. ಪೂಜೆಯಲ್ಲಿ ಪರಮಪ್ರಸಾದ ತಗೊಳ್ಳುವ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು, ಆಗಲೂ ನೀರು, ಔಷಧಿ ತಗೊಳ್ಳಬಹುದು. ಆದರೆ ಊಟ ಇಲ್ಲದ ಹೊಟ್ಟೆಗೆ ಆ ಮಾತ್ರೆ ಹೋದರೆ ಏನಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ಮೂರನೇ ಶುಕ್ರವಾರ. ಸಾಯಂಕಾಲ ಚರ್ಚಿನಲ್ಲಿ ಶಿಲುಬೆ ಹಾದಿ, ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದ ಹದಿನಾಲ್ಕು ಸ್ಥಳ ನೆನೆದು ಮಾಡುವ ಪ್ರಾರ್ಥನೆ. ಮಧ್ಯಾಹ್ನದಿಂದಲೇ ಕೈ ನಡುಗುತ್ತಿತ್ತು. ದೇವರು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ನೋಡು, ಆ ಯೋಚನೆಯೇ ಅಪಾಯ. ಮೈ ಕೂಗಿ ಹೇಳುತ್ತಿದ್ದರೂ ಅದು ಪರೀಕ್ಷೆ ಅಂತ ನಾವೇ ಹೆಸರಿಟ್ಟುಬಿಡುತ್ತೇವೆ. ಏಳನೇ ಸ್ಥಳದಲ್ಲಿ ಮೊಣಕಾಲೂರಿದವಳಿಗೆ ಏಳಲು ಪಕ್ಕದವರ ಭುಜ ಬೇಕಾಯಿತು. ಎಂಟನೆಯದರಲ್ಲಿ ಪಾದ್ರಿ ಸ್ವಾಮಿಗಳ ಧ್ವನಿ ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿತು. ಒಂಬತ್ತನೇ ಸ್ಥಳ ಗೊತ್ತಲ್ಲ, ಯೇಸುಸ್ವಾಮಿ ಮೂರನೇ ಸಲ ಬೀಳುವುದು. ಅಲ್ಲೇ ನಾನೂ ಬಿದ್ದೆ. ಕೈಯಲ್ಲಿದ್ದ ಮೇಣದಬತ್ತಿ ಮುಂದಿದ್ದವರ ಸೆರಗಿಗೆ ತಗುಲಿ ಅದೊಂದು ಗಲಾಟೆ. ನಿನ್ನ ಅಕ್ಕ ಆಗ ಒಂಬತ್ತು ವರ್ಷದವಳು, ಅಮ್ಮ ಸತ್ತುಹೋದಳು ಅಂತ ಚರ್ಚೆಲ್ಲಾ ಕೇಳುವ ಹಾಗೆ ಅತ್ತಳಂತೆ. ಇವತ್ತಿಗೂ ಶಿಲುಬೆ ಹಾದಿ ಅಂದರೆ ಅವಳು ನನ್ನ ಕೈ ಬಿಡಲ್ಲ.

ಚರ್ಚಿನ ಬಾಗಿಲಲ್ಲಿ ಮೇಣದಬತ್ತಿ ಮಾರುತ್ತಿದ್ದ ಅಜ್ಜಿ ಓಡಿಬಂದು, ಎದುರಿನ ಅಂಗಡಿಯಿಂದ ಸಕ್ಕರೆ ತರಿಸಿ, ನೀರಿನಲ್ಲಿ ಕಲಸಿ ನನ್ನ ಬಾಯಿಗೆ ಹಿಡಿದರು. ಆಗ ನನಗೆ ಇನ್ನೂ ಗುಟುಕರಿಸುವಷ್ಟು ಎಚ್ಚರ ಇತ್ತು, ಪುಣ್ಯ. ಪೂರ್ತಿ ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ಸೀದಾ ಆಸ್ಪತ್ರೆಗೆ ಒಯ್ಯಬೇಕು ಅಂತ ಆಮೇಲೆ ನರ್ಸ್ ಸಿಸ್ಟರ್ ಬೈದು ಹೇಳಿದರು. ಆಸ್ಪತ್ರೆಗೆ ಹೋದಾಗ, ಸಕ್ಕರೆ ನೀರು ಕುಡಿದ ಮೇಲೂ, ನನ್ನ ಶುಗರ್ 52. 70ರ ಕೆಳಗೆ ಇಳಿದರೇ ಅಪಾಯ ಅಂತಾರೆ.

ಎರಡು ರಾತ್ರಿ ಅಲ್ಲಿದ್ದೆ. ಬಿಲ್ಲು ಕಟ್ಟಿದ್ದು ಯಾವ ದುಡ್ಡಿನಲ್ಲಿ ಗೊತ್ತಾ? ಮನೆ ಬಾಡಿಗೆಗೆ ಅಂತ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದ ದುಡ್ಡು. ಗಂಡನಿಗೆ ಕೆಲಸ ಸಿಗಲಿ ಅಂತ ಹೊತ್ತ ಹರಕೆ, ಕೈಯಲ್ಲಿದ್ದ ಬಾಡಿಗೆಯನ್ನೂ ನುಂಗಿತು. ಆ ತಿಂಗಳು ನನ್ನ ಓಲೆ ಮಾರ್ವಾಡಿ ಅಂಗಡಿಗೆ ಹೋಯಿತು. ನಿಮ್ಮ ದೊಡ್ಡಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆದರೆ ಒಂದು ಆಯಿತು. ಅವರು ಜಪಸರಕ್ಕೆ ಕೂರುವವರೇ ಅಲ್ಲ, ಗೊತ್ತಲ್ಲ. ನಾವು ಪೀಠದ ಮುಂದೆ ಕೂತರೆ ಅವರು ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ನಾನು ಆಸ್ಪತ್ರೆಯಿಂದ ಬಂದ ರಾತ್ರಿ ಮಂಚದಿಂದ ಏಳಲು ಆಗಲಿಲ್ಲ. ಕರೆಂಟೂ ಹೋಗಿತ್ತು. ಅವರೇ ಸೀಮೆಣ್ಣೆ ಬುಡ್ಡಿ ಹಚ್ಚಿಕೊಂಡು ಬಂದು, ನನ್ನ ದಿಂಬಿನ ಕೆಳಗಿನ ಜಪಸರ ತೆಗೆದು, ಮಕ್ಕಳನ್ನು ಕರೆದು ಕೂರಿಸಿದರು. ಶುರು ಮಾಡಲು ಬರಲಿಲ್ಲ. ಗಂಟಲು ಸರಿಮಾಡಿಕೊಂಡು, ಸರಿಮಾಡಿಕೊಂಡು, ಕೊನೆಗೆ "ನಮೋ ಮರಿಯ" ಅಂದರು. ಮಣಿ ಎಣಿಸುವುದು ಅವರಿಗೆ ಗೊತ್ತೇ ಇಲ್ಲ. ಒಂದು ಹತ್ತಿಗೆ ಒಂಬತ್ತು ಹೇಳುತ್ತಿದ್ದರು, ಇನ್ನೊಂದಕ್ಕೆ ಹನ್ನೆರಡು. ಮಕ್ಕಳು ನಗು ತಡೆದುಕೊಂಡು ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ, ಕಣ್ಣಲ್ಲಿ ನೀರು. ಆವತ್ತಿನವರೆಗೆ ದೇವರ ಹತ್ತಿರ ಏನೇನೋ ಕೇಳಿದ್ದೆ, ಚೌಕಾಸಿ ಮಾಡಿದ್ದೆ. ಅವತ್ತು ಏನೂ ಕೇಳಬೇಕು ಅನಿಸಲಿಲ್ಲ. ಕೆಲಸ ಸಿಗುವುದಕ್ಕೆ ಮುಂದಿನ ವರ್ಷ ಆಗಸ್ಟ್ ತಿಂಗಳೇ ಆಯಿತು, ಅದೂ ಅರ್ಧ ಸಂಬಳಕ್ಕೆ. ಅಲ್ಲಿಯವರೆಗೆ ದಿನಾ ರಾತ್ರಿ ಅವರೇ ಜಪಸರ ಹೇಳಿಸಿದರು. ಲೆಕ್ಕ ಮಾತ್ರ ಕೊನೆಯವರೆಗೂ ಕಲಿಯಲಿಲ್ಲ. ಅವರು ಹೋಗಿ ಆರು ವರ್ಷ ಆಯಿತು. ಈಗಲೂ ಒಬ್ಬಳೇ ಕೂತಾಗ ನಾನು ಬೇಕಂತಲೇ ಒಂದು ಜಾಸ್ತಿ ಹೇಳುತ್ತೇನೆ.

ಅದಕ್ಕೇ ಹೇಳಿದ್ದು ಪುಟ್ಟಿ, ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಡಬೇಡ. ಆ ನಡುಕ ಪರೀಕ್ಷೆ ಅಲ್ಲ, ಸಕ್ಕರೆ ಇಳಿದಿರುವುದು.

ಇನ್ನು ಪಾಪದ ಮಾತು. ನಾನು ಬಿದ್ದಾಗ ಈ ಮನೆತನದಿಂದ ಯಾರು ಬಂದರು? ನಿಮ್ಮಮ್ಮ ಒಬ್ಬಳೇ. ಎರಡು ಸೇರು ರಾಗಿ ಹಿಟ್ಟು ಹೊತ್ತುಕೊಂಡು, ನಿನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಮಿಕ್ಕವರು ಬೆಂಗಳೂರಿನಲ್ಲಿ ಕೂತು ಮಾತಾಡಿದರು. "ಹರಕೆ ಅರ್ಧಕ್ಕೆ ಬಿಟ್ಟಳು, ಅದಕ್ಕೇ ಅವನಿಗೆ ಕೆಲಸ ಸಿಗುತ್ತಿಲ್ಲ" ಅಂತ. ಯಾರು ಅಂದರು ಅಂತ ನಾನು ಹೇಳಲ್ಲ. ಆದರೆ ಅದೇ ಜನ ಮುಂದಿನ ವರ್ಷ ಮನೆಗೆ ಬಂದು, ನಮ್ಮತ್ತೆ ಕಾಲದ ಮರಿಯಮ್ಮನವರ ಸ್ವರೂಪ, ಮರದ್ದು, ಎಡಗೈ ಕಿರುಬೆರಳು ಮುರಿದಿರುವುದು, ಬಣ್ಣ ಹಾಕಿಸಿಕೊಂಡು ಬರುತ್ತೇವೆ ಅಂತ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೋದರು. ಹೋದರು ಅಷ್ಟೇ. ಇಷ್ಟು ವರ್ಷದಿಂದ ಯಾವ ಪೇಂಟರ್ ಅದಕ್ಕೆ ಬಣ್ಣ ಹಚ್ಚುತ್ತಿದ್ದಾನೋ ಕಾಣೆ. ಗೃಹಪ್ರವೇಶಕ್ಕೆ ಹೋದಾಗ ನೋಡಿದೆ, ಟಿವಿ ಪಕ್ಕ ಗಾಜಿನ ಶೋಕೇಸಿನಲ್ಲಿ ನಿಲ್ಲಿಸಿದ್ದಾರೆ. ಸೀರಿಯಲ್ ಲೈಟು ಬೇರೆ. ಅದರ ಮುಂದೆ ಒಂದು ದಿನ ಜಪಸರ ಹೇಳಿದ್ದು ನಾನು ಕೇಳಿಲ್ಲ. ಕಿರುಬೆರಳು ಮಾತ್ರ ನನ್ನ ಹತ್ತಿರವೇ ಇದೆ, ಹೊಲಿಗೆ ಡಬ್ಬದಲ್ಲಿ. ಭಾವ, ನೀವು ಇದನ್ನು ಕೇಳುತ್ತಿದ್ದೀರಿ ಅಂತ ನನಗೆ ಗೊತ್ತು. ನಿಮಗೆ ಎಂಬತ್ತೊಂದು, ನನಗೆ ಎಪ್ಪತ್ತಮೂರು. ಆ ಸ್ವರೂಪವನ್ನೂ ನಾನು ಸಂತ ಅಂತೋಣಿಯವರ ಲೆಕ್ಕಕ್ಕೆ ಬರೆಸಿದ್ದೇನೆ, ನೆನಪಿರಲಿ. ಒಂದಾಸೆ ಇಷ್ಟೇ, ನಾನು ಕಣ್ಣು ಮುಚ್ಚುವ ಮುಂಚೆ ಆ ತಾಯಿ

ಅಯ್ಯೋ, ಎಲ್ಲಿಗೋ ಹೋದೆ. ಪುಟ್ಟಿ, ಮುಖ್ಯವಾದದ್ದೇ ಹೇಳಲಿಲ್ಲ.

ಹರಕೆಗೆ ದಾರಿ ಇದೆ. ನಾನು ಆಸ್ಪತ್ರೆಯಿಂದ ಬಂದ ವಾರ ನಮ್ಮ ಸ್ವಾಮಿಗಳು ಮನೆಗೆ ಬಂದಿದ್ದರು. ಪಾಪ ಮಾಡಿದೆ ಸ್ವಾಮಿ ಅಂತ ಅತ್ತೆ. ಅವರು ಪಾಪನಿವೇದನೆ ಕೇಳುವ ಮುಂಚೆಯೇ, ಗಂಜಿ ಕುಡಿದೆಯಾ ಅಂತ ಕೇಳಿದರು. ಆಮೇಲೆ ಹೇಳಿದರು, ನಾವು ನಾವೇ ಹೊತ್ತ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗೆ ಇದೆ, ಧರ್ಮಸಭೆಯ ಕಾನೂನಿನಲ್ಲೇ ಬರೆದಿದೆ ಅಂತ. ಬೇರೆ ಒಳ್ಳೆಯ ಕೆಲಸಕ್ಕೆ ಬದಲಾಯಿಸಿಯೂ ಕೊಡಬಹುದು. ನನಗೆ ಬದಲಾಯಿಸಿಕೊಟ್ಟರು. ಈಸ್ಟರ್‌ವರೆಗೆ ಪ್ರತಿ ಮಂಗಳವಾರ ಒಬ್ಬರಿಗೆ ಊಟ. ಸಂತ ಅಂತೋಣಿಯವರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಕೊಡುವ ಪದ್ಧತಿ ಇದೆಯಲ್ಲ, ಹಾಗೆ. ನಮ್ಮ ಮನೆಯಲ್ಲೇ ಇದ್ದದ್ದು ಅಷ್ಟಕ್ಕಷ್ಟೆ. ನಿಮ್ಮಮ್ಮ ತಂದ ಹಿಟ್ಟಿನಲ್ಲಿ ಒಂದು ಮುದ್ದೆ, ಸ್ವಲ್ಪ ಬಸ್ಸಾರು, ಆ ಮೇಣದಬತ್ತಿ ಅಜ್ಜಿಗೆ ಕೊಟ್ಟು ಬರುತ್ತಿದ್ದೆ. ಆಕೆ ಉಪ್ಪು ಕಮ್ಮಿ ಅಂತ ಪ್ರತಿ ವಾರ ಬೈಯುತ್ತಿದ್ದರು.

ಇನ್ನೊಂದು, ನಮ್ಮ ಕಥೋಲಿಕ ಸಭೆಯಲ್ಲಿ ಕಡ್ಡಾಯ ಉಪವಾಸ ಇರುವುದು ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18ರಿಂದ 59 ವರ್ಷದೊಳಗಿನವರಿಗೆ. ಅವತ್ತೂ ಒಂದು ಪೂರ್ತಿ ಊಟ ಮಾಡಿ, ಮತ್ತೆರಡು ಹೊತ್ತು ಸ್ವಲ್ಪ ಸ್ವಲ್ಪ ತಿನ್ನಬಹುದು. ಕಾಯಿಲೆಯವರಿಗೆ ಅದೂ ಇಲ್ಲ. ನಿನಗೆ ಶುಗರ್, ನೀನು ಆ ಲೆಕ್ಕಕ್ಕೇ ಬರಲ್ಲ. ನಿನ್ನೆ ಭಾನುವಾರವೂ ಊಟ ಬಿಟ್ಟಿದ್ದೀಯ ಅಂತಾಯಿತಲ್ಲ! ತಪಸ್ಸುಕಾಲದ 40 ದಿನದಲ್ಲಿ ಭಾನುವಾರ ಸೇರಲ್ಲ ಕಣೇ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸು, 46 ಬರುತ್ತೆ. ಅದರಲ್ಲಿ ಆರು ಭಾನುವಾರ ತೆಗೆದರೆ 40.

ಈಗ ಮಾಡುವುದು ಏನು ಅಂದರೆ, ಇದನ್ನು ಕೇಳಿದ ತಕ್ಷಣ ಬೆರಳು ಚುಚ್ಚಿ ಶುಗರ್ ನೋಡು. ನಡುಕ ಇದ್ದರೆ ನೋಡುವುದಕ್ಕೂ ಕಾಯಬೇಡ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿ. ಕಾಲು ಗಂಟೆ ಬಿಟ್ಟು ಮತ್ತೆ ನೋಡು, ಏರಿರದಿದ್ದರೆ ಇನ್ನೊಂದು ಸಲ ಕುಡಿ. ಆಮೇಲೆ ಗಂಜಿನೋ ಇಡ್ಲಿನೋ ಹೊಟ್ಟೆಗೆ ಹಾಕು. ಮಾತ್ರೆಯನ್ನು ನೀನೇ ನಿಲ್ಲಿಸಬೇಡ, ಅದು ಇನ್ನೊಂದು ಕಡೆಯ ಗುಂಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಐದು ದಿನ ಹೀಗೆ ಮಾಡಿದೆ ಅಂತ ಮುಚ್ಚಿಡದೆ ಹೇಳು. ಅಳಿಯಂದಿರಿಗೂ ಹೇಳು, ಹೇಳಿದರೆ ಫಲ ಹೋಗಲ್ಲ. ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿ ಇಟ್ಟುಕೋ. ನಾಳೆ ಬೆಳಗಿನ ಪೂಜೆ ಆದ ಮೇಲೆ ನಿಮ್ಮ ಸ್ವಾಮಿಗಳನ್ನು ಕಂಡು ಹರಕೆ ಬದಲಾಯಿಸಿಕೊಡಿ ಅಂತ ಕೇಳು. ಒಬ್ಬಳೇ ಕೇಳಲು ಸಂಕೋಚ ಆದರೆ ನಾನೇ ಬರುತ್ತೇನೆ, ಏಳು ಗಂಟೆ ಬಸ್ಸಿದೆ.

ತಿಂದ ಮೇಲೆ ಗುಂಪಿನಲ್ಲಿ ಫೋಟೋ ಹಾಕು. ತಟ್ಟೆಯ ಫೋಟೋ, ಸಂತರದ್ದು ಬೇಡ.