ಸ್ಟಾರ್ ಟ್ರೆಕ್‌ನಲ್ಲಿ ಜನ ಮಿಂಚಿ ಮಾಯವಾಗುತ್ತಿದ್ದದ್ದು ಹೇಗೆ?

ಹೊರಗಿನವನು:
ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಸ್ಟಾರ್ ಟ್ರೆಕ್ ಅಂತ ಅಮೆರಿಕದ ಬಾಹ್ಯಾಕಾಶ ಧಾರಾವಾಹಿ ಬರುತ್ತಿತ್ತು, ನೆನಪಿದೆಯಾ? ಶಿವಮೊಗ್ಗ ಹತ್ತಿರದ ನಮ್ಮೂರಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಆಂಟೆನಾ ಕಟ್ಟಿದ್ದು ಬಿದಿರು ಗಳಕ್ಕೆ. ಗಾಳಿ ಬಂದರೆ ಒಬ್ಬ ಅಂಗಳಕ್ಕೆ ಹೋಗಿ ತಿರುಗಿಸಬೇಕು, ಒಳಗಿನವರು ‘ಬಂತು, ಬಂತು... ಥೋ, ಹೋಯ್ತು’ ಅಂತ ಕೂಗಬೇಕು. ಆ ಒಬ್ಬ ನಾನು. ಹಾಗಾಗಿ ಕಥೆ ಅರ್ಧಂಬರ್ಧ. ಆದರೆ ಜನ ನಿಂತಲ್ಲೇ ಮಿಣಮಿಣ ಮಿಂಚಿ ಮಾಯವಾಗುತ್ತಿದ್ದದ್ದು ಈಗಲೂ ಕಣ್ಣಲ್ಲಿದೆ. 1966ರಲ್ಲಿ ಶುರುವಾದ ಧಾರಾವಾಹಿ, ಕಂಪ್ಯೂಟರ್ ಗ್ರಾಫಿಕ್ಸ್ ಎಲ್ಲಿತ್ತು? ಹೇಗೆ ಮಾಡಿದರು?

ಪರದೆ ಹಗ್ಗ:
ಅಲ್ಯೂಮಿನಿಯಂ ಪುಡಿ! ಸುಮ್ನೆ ಹೇಳುತ್ತಿಲ್ಲ. ಕಪ್ಪು ಹಿನ್ನೆಲೆ ಇಟ್ಟು, ಜೋರು ಬೆಳಕಿನಲ್ಲಿ ಪುಡಿ ಉದುರಿಸಿ, ಕ್ಯಾಮೆರಾ ತಲೆಕೆಳಗು ಮಾಡಿ ಸ್ಲೋ ಮೋಷನ್‌ನಲ್ಲಿ ಹಿಡಿದರು. ಆ ಮಿನುಗನ್ನು ನಟರ ಆಕಾರಕ್ಕೆ ಸರಿಯಾಗಿ ಕೂಡಿಸಿದರು. ನಮ್ಮ ಅಟ್ಟದ ಗಾಜಿನ ಹಂಚಿನಿಂದ ಬಿಸಿಲು ಕೋಲಿನ ಹಾಗೆ ಇಳಿಯುತ್ತದಲ್ಲ, ಅದರ ಕೆಳಗೆ ಹಳೇ ಅಡಿಕೆ ಚೀಲ ಒಮ್ಮೆ ಕೊಡವಿ ನೋಡಿ. ಅದೇ.

ಜನ ಇಲ್ಲಿ ಮಾಯವಾಗಿ ಇನ್ನೊಂದು ಕಡೆ ಕಾಣಿಸಿಕೊಳ್ಳುವ ಉಪಾಯ ಹುಟ್ಟಿದ್ದೂ ದುಡ್ಡಿಲ್ಲದೆ. ವಾರ ವಾರ ಬಾಹ್ಯಾಕಾಶ ಹಡಗು ಒಂದೊಂದು ಗ್ರಹದ ಮೇಲೆ ಇಳಿಯುವುದನ್ನು ತೋರಿಸುವುದು ದುಬಾರಿ. ಹಡಗು ಮೇಲೇ ಇರಲಿ, ಜನರನ್ನಷ್ಟೇ ಇಳಿಸೋಣ ಅಂದರು.

ಇನ್ನೊಂದು. ತಾನಾಗೇ ತೆರೆಯುವ ಬಾಗಿಲು ಇತ್ತಲ್ಲ? ಗೋಡೆ ಹಿಂದೆ ಆಳುಗಳು ನಿಂತು ಎಳೆಯುತ್ತಿದ್ದರು. ಎಳೆಯುವುದು ಚೂರು ತಡವಾದರೆ ನಟರು ಹೋಗಿ ಢಿಕ್ಕಿ. ನನಗೆ ನಗು ಬರಲಿಲ್ಲ. ಊರ ನಾಟಕದಲ್ಲಿ ಪರದೆ ಎಳೆಯುವವನು ನಾನೇ. ಒಂದು ವರ್ಷ ಬೆಳಗಿನ ಜಾವ ತೂಕಡಿಸಿಬಿಟ್ಟೆ. ಸತ್ತು ಬಿದ್ದ ದುರ್ಯೋಧನ ಕಾದು ಕಾದು, ಕೊನೆಗೆ ತಾನೇ ಎದ್ದು ಗದೆ ಹೆಗಲಿಗೆ ಹಾಕಿಕೊಂಡು ಒಳಗೆ ಬಂದ.

ತೀರ್ಥಹಳ್ಳಿ ಮಳೆ:
ಆ ಹಡಗಿನ ಡಾಕ್ಟರ್ ಮೆಕಾಯ್ ರೋಗಿ ಮೇಲೆ ಆಡಿಸುತ್ತಿದ್ದ ಉಪಕರಣ ಉಪ್ಪಿನ ಡಬ್ಬಿ ಅಲ್ವಾ?

ಪರದೆ ಹಗ್ಗ:
ಹೌದು. ಉಪ್ಪಿಗಾಗಿ ಕೊಲ್ಲುವ ಒಂದು ಪ್ರಾಣಿಯ ಕಂತಿಗೆ ಅಂತ ಚೆಂದದ ಡಬ್ಬಿ ತಂದಿದ್ದರು. ನೋಡಿದವರಿಗೆ ಉಪ್ಪಿನ ಡಬ್ಬಿ ಅಂತ ಗೊತ್ತೇ ಆಗುವುದಿಲ್ಲ ಅನ್ನಿಸಿತು. ಡಾಕ್ಟರ ಕೈಗೆ ಹೋಯಿತು. ಹಡಗಿನ ದೊಡ್ಡ ಮಾದರಿ, ಸುಮಾರು 11 ಅಡಿಯದು, ಅದರ ಕಥೆಯೂ ಹಾಗೇ. ಎಡಗಡೆಯಿಂದ ದೀಪದ ವೈರ್ ಒಳಗೆ ಹೋಗುತ್ತಿತ್ತು, ಆ ಕಡೆ ಕೆಲಸವನ್ನೇ ಮುಗಿಸಿರಲಿಲ್ಲ. ಬಲಗಡೆಯನ್ನೇ ತೋರಿಸಿಕೊಂಡು ಕಾಲ ಹಾಕಿದರು.

ಹೊರಗಿನವನು:
ಈಗಷ್ಟೇ ಚೀಲ ಹಿಡಿದು ಅಟ್ಟ ಹತ್ತಿ ಬಂದೆ. ಹೊರಗೆ ಜಡಿಮಳೆ, ಗಾಜಿನ ಹಂಚಿನ ಮೇಲೆ ಪಾಚಿ ಬೇರೆ. ಬಿಸಿಲು ಬಂದ ಮೇಲೆ ಹೇಳುತ್ತೇನೆ.